ಊತ ಇಳಿಯುವ ದಿನಗಳು

ನಾನು ಕೆಲಸಕ್ಕೆ ಸೇರಿದ ಸುದ್ದಿ ಕೇಳಿ ನಮ್ಮ ಅತ್ತೆ, "ಆಸ್ಪತ್ರೇಲಿ ರೋಗಿಗಳಿಗೆ ಅಡುಗೆ ಮಾಡೋದೇನೇ?" ಎಂದು ಕೇಳಿದ್ದರು. ಅಡುಗೆಯಲ್ಲ, ಯಾವ ಮಗುವಿಗೆ ಏನು ಕೊಡಬೇಕು, ಎಷ್ಟು ಕೊಡಬೇಕು ಎಂದು ಹೇಳುವ ಕೆಲಸ ಎಂದೆ. "ಅಷ್ಟು ಹೇಳೋಕೂ ಸಂಬಳ ಕೊಡ್ತಾರಾ!" ಎಂದು ಬೆರಗಾದರು. ಹೋದ ತಿಂಗಳು ನಮ್ಮ ದೂರದ ಸಂಬಂಧಿಕರ ಹುಡುಗಿಯೊಬ್ಬಳು ಅದೇ ಕೆಲಸಕ್ಕೆ ಜಿಲ್ಲಾ ಆಸ್ಪತ್ರೆಯೊಂದರಲ್ಲಿ ಸೇರಿದಳು. ಫೋನು ಮಾಡಿ, "ಆಂಟಿ, ನಿಮ್ಮ ಕಾಲದಲ್ಲಿ ಹೇಗಿತ್ತು?" ಎಂದಳು. ಚೆನ್ನಾಗಿತ್ತಮ್ಮ ಎಂದು ಹೇಳಿ ಇಟ್ಟುಬಿಟ್ಟೆ. ಆಮೇಲೆ ಮನಸ್ಸಿಗೆ ಸರಿಬರಲಿಲ್ಲ. ಅವಳಿಗಾಗಿ, ಅವಳಂತೆ ಹೊಸದಾಗಿ ಬರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಡ್ತಿ, ಸನ್ಮಾನ, ಬೀಳ್ಕೊಡುಗೆಯ ಶಾಲು ಇವುಗಳ ಸುದ್ದಿ ಇಲ್ಲಿಲ್ಲ. ಅವೆಲ್ಲ ಎಲ್ಲರಿಗೂ ಒಂದೇ ತರಹ ಬರುತ್ತವೆ.

ನನ್ನದು ತುಮಕೂರು ಕಡೆ. ಗೃಹವಿಜ್ಞಾನ ಓದಿದ್ದೆ. ಗಂಡ ನೌಕಾಪಡೆಯಲ್ಲಿ ನಾವಿಕರು. ಎಂಬತ್ತರ ದಶಕದ ಮೊದಲ ವರ್ಷಗಳಲ್ಲಿ ಅವರ ಹಿಂದೆ ವಿಶಾಖಪಟ್ಟಣಕ್ಕೆ ಬಂದೆ. ನಾನು ಟ್ರಂಕು ಬಿಚ್ಚಿ ಪಾತ್ರೆ ಜೋಡಿಸುವಷ್ಟರಲ್ಲಿ ಅವರ ಹಡಗು ಹೊರಟಿತು. ಕ್ವಾರ್ಟರ್ಸಿನಲ್ಲಿ ಒಂದು ಕಡೆ ಪಂಜಾಬಿನವರು, ಇನ್ನೊಂದು ಕಡೆ ಕೇರಳದವರು. ನಲ್ಲಿಯ ಹತ್ತಿರ ಎಲ್ಲರ ಮಾತೂ ಹಿಂದಿ. ಕನ್ನಡ ಆಡಬೇಕೆನಿಸಿದಾಗ ಕುಕ್ಕರಿನ ಜೊತೆ ಆಡುತ್ತಿದ್ದೆ, ತಿರುಗಿ ಸದ್ದು ಮಾಡುತ್ತಿದ್ದುದು ಅದೊಂದೇ. ಮಕ್ಕಳಾಗಲಿಲ್ಲ. ಹೀಗಿರುವಾಗ ಊರಿನ ದೊಡ್ಡ ಆಸ್ಪತ್ರೆಯೊಂದರ ಮಕ್ಕಳ ವಿಭಾಗಕ್ಕೆ ಆಹಾರ ತಜ್ಞೆ ಬೇಕಂತೆ ಎಂದು ತಿಳಿಯಿತು. ಮನೆಯಲ್ಲಿ ಒಬ್ಬಳೇ ಕೂತು ಹುಚ್ಚು ಹಿಡಿಸಿಕೊಳ್ಳುವ ಬದಲು ಹೋಗಿ ಸೇರಿಕೊಂಡೆ. ಬಡವರ ಸೇವೆ ಮಾಡಬೇಕೆಂಬ ದೊಡ್ಡ ಆಸೆಯೇನೂ ಇರಲಿಲ್ಲ, ಸುಳ್ಳು ಯಾಕೆ ಹೇಳಲಿ.

ನಮ್ಮ ವಾರ್ಡು ಉದ್ದನೆಯ ಕಾರಿಡಾರಿನ ಕೊನೆಯಲ್ಲಿತ್ತು. ಮಕ್ಕಳಿರುವ ಕಡೆ ಗಲಾಟೆ ಇರಬೇಕು. ಇಲ್ಲಿ ಇರಲಿಲ್ಲ. ಮೊದಲ ದಿನ ಒಳಗೆ ಕಾಲಿಟ್ಟಾಗ ಖಾಲಿ ಇದೆಯೇನೋ ಎಂದುಕೊಂಡೆ. ನೋಡಿದರೆ ಪ್ರತಿ ಮಂಚದಲ್ಲೂ ಒಂದು ಮಗು, ಪಕ್ಕದಲ್ಲಿ ತಾಯಿ. ಬಹಳ ದಿನ ಹೊಟ್ಟೆಗೆ ಸರಿಯಾಗಿ ಬೀಳದ ಮಗು ಆಡುವುದಿಲ್ಲ, ಹಠ ಮಾಡುವುದಿಲ್ಲ. ಅತ್ತರೂ ಗೊಣಗಿದ ಹಾಗೆ ಸಣ್ಣಗೆ ಅಳುತ್ತದೆ. ಆ ಮೌನಕ್ಕೆ ಒಗ್ಗಿಕೊಳ್ಳುವುದು ನನಗೆ ತೆಲುಗು ಕಲಿಯುವುದಕ್ಕಿಂತ ಕಷ್ಟವಾಯಿತು.

ನಮ್ಮ ಮುಖ್ಯಸ್ಥರು ತೆಳ್ಳಗಿನ, ಸಿಡುಕಿನ ಮನುಷ್ಯ. ಎಲ್ಲರೂ ಅವರನ್ನು ಪ್ರೊಫೆಸರ್‌ಗಾರು ಎನ್ನುತ್ತಿದ್ದರು. ಸದಾ ಬಾಯಲ್ಲಿ ಏಲಕ್ಕಿ. ನಾನು ಸೇರಿದ ವಾರ, ಮನೆಗೆ ಹೋಗುವ ತಾಯಂದಿರಿಗೆ ಕೊಡಲೆಂದು ಚೆಂದದ ಚಾರ್ಟು ಬರೆದು ತಂದೆ. ಹಾಲು, ತೊಗರಿಬೇಳೆ, ತುಪ್ಪ, ಬಾಳೆಹಣ್ಣು, ಸೊಪ್ಪು ಎಲ್ಲ ಇತ್ತು. ಅವರು ಏಲಕ್ಕಿ ಜಗಿಯುತ್ತ ಓದಿ, "ಇದನ್ನೆಲ್ಲ ತಿನ್ನುವ ಮಗು ಈ ವಾರ್ಡಿಗೆ ಯಾಕೆ ಬರುತ್ತಮ್ಮಾ?" ಎಂದರು. ಆಮೇಲೆ, "ಇವರಲ್ಲಿ ಅರ್ಧ ಜನ ಮೀನುಗಾರರು. ಮೀನೆಲ್ಲಿ?" ಎಂದರು. ನಮ್ಮ ಮನೆಯಲ್ಲಿ ಮೀನು ತರುತ್ತಿರಲಿಲ್ಲ, ಹಾಗಾಗಿ ಮೀನೂ ಒಂದು ಆಹಾರ ಎಂಬುದೇ ನನ್ನ ತಲೆಗೆ ಹೊಳೆದಿರಲಿಲ್ಲ. ಸಮುದ್ರದ ದಂಡೆಯಲ್ಲಿ ಕೂತು ಮೀನಿಲ್ಲದ ಚಾರ್ಟು ಬರೆದವಳು ಎಂದು ವಾರ್ಡಿನವರೆಲ್ಲ ಬಹಳ ದಿನ ನಕ್ಕರು. ನಾನೂ ನಕ್ಕೆ. ದೊಡ್ಡ ಮೀನೆಲ್ಲ ಮಾರಾಟಕ್ಕೆ ಹೋಗುತ್ತದೆ, ಯಾರೂ ಕೊಳ್ಳದ ಸಣ್ಣ ಮೀನನ್ನು ಒಣಗಿಸಿ ಪುಡಿ ಮಾಡಿ ಮಗುವಿನ ಅನ್ನಕ್ಕೆ ಕಲಸಬಹುದು ಎಂಬುದನ್ನು ಆಮೇಲೆ ಕಲಿತೆ. ಮೂಗಿಗೆ ಸೆರಗು ಹಿಡಿದುಕೊಂಡೇ ಎಷ್ಟೋ ಜನಕ್ಕೆ ಅದನ್ನು ಕಲಿಸಿದೆ.

ಆಗ ಪರದೇಶದಿಂದ ದಾನವಾಗಿ ಬಂದ ಹಾಲಿನ ಪುಡಿಯ ಮೂಟೆಗಳು ನಮ್ಮ ಉಗ್ರಾಣದ ತುಂಬ ಇದ್ದವು. ವಾರ್ಡಿನಲ್ಲಿ ಕುದಿಸಿದ ನೀರಿನಲ್ಲಿ ಕಲಸಿ ಕೊಟ್ಟಾಗ ಮಕ್ಕಳು ಚೇತರಿಸಿಕೊಳ್ಳುತ್ತಿದ್ದರು. ಮನೆಗೆ ಕೊಟ್ಟು ಕಳಿಸಿದರೆ ಬೀದಿಯ ಕೊಳಾಯಿ ನೀರಿನಲ್ಲಿ ಕಲಸಿ, ಬಾಟಲಿಗೆ ತುಂಬಿ, ಭೇದಿ ಹತ್ತಿಸಿಕೊಂಡು ತಿರುಗಿ ಬರುತ್ತಿದ್ದರು. ಮೂಟೆ ಬರುವುದು ನಿಂತ ಮೇಲೆ ಬೇರೆ ದಾರಿ ಹುಡುಕಬೇಕಾಯಿತು. ಆ ಕಡೆ ರಾಗಿಗೆ ಚೋಡಿ ಎನ್ನುತ್ತಾರೆ. ಚೋಡಿ, ಹುರಿದ ಕಡಲೇಕಾಯಿ, ಬೆಲ್ಲ ಸೇರಿಸಿ ಹಿಟ್ಟು ಮಾಡಿಸಿದೆವು. ತುಮಕೂರಿನಲ್ಲಿ ನಮ್ಮಜ್ಜಿ ತುರುಕಿ ತುರುಕಿ ತಿನ್ನಿಸಿದ್ದು ಇದನ್ನೇ. ಆದರೆ ತಾಯಂದಿರಿಗೆ ಅದು ಅವಮಾನ ಅನ್ನಿಸಿತು. ರೇಷನ್ ಅಂಗಡಿಯಲ್ಲಿ ಅಗ್ಗದ ಅಕ್ಕಿ ಸಿಗತೊಡಗಿದ್ದ ಕಾಲ. "ಚೋಡಿ ತಿನ್ನೋದಕ್ಕೆ ಆಸ್ಪತ್ರೆಗೆ ಬರಬೇಕಾ ಅಮ್ಮಗಾರೂ? ಬಾಟಲಿ ಏರಿಸಿ, ಸೂಜಿ ಹಾಕಿ," ಎನ್ನುತ್ತಿದ್ದರು. ಅವರು ಆಡಿದ್ದೆಲ್ಲ ತೆಲುಗು, ನೆನಪಿದ್ದಷ್ಟನ್ನು ಕನ್ನಡದಲ್ಲಿ ಹೇಳುತ್ತಿದ್ದೇನೆ. ನನಗೆ ಅವರಿಟ್ಟ ಹೆಸರು ಡೈಟಮ್ಮ.

ಈಗ ನೂಕಾಲುವಿನ ಸುದ್ದಿಗೆ ಬರುತ್ತೇನೆ. ನಿಜ ಹೇಳಬೇಕೆಂದರೆ ಇಷ್ಟೆಲ್ಲ ಬರೆಯಲು ಕೂತದ್ದೇ ಅವಳಿಗಾಗಿ.

ನೂಕಾಲು ಎರಡು ವರ್ಷದ ಹೆಣ್ಣುಮಗು. ತಾಯಿ ಪೈಡಮ್ಮ, ಇಪ್ಪತ್ತೂ ತುಂಬಿರದ ಹುಡುಗಿ, ಮತ್ತೆ ಬಸುರಿ. ಜೊತೆಯಲ್ಲಿ ಅವಳ ಅತ್ತೆ ಅಪ್ಪಲಮ್ಮ, ತಲೆಯ ಮೇಲೆ ಮೀನಿನ ಬುಟ್ಟಿ ಹೊತ್ತು ಹೊತ್ತು ಕತ್ತು ಗಟ್ಟಿಯಾಗಿದ್ದ ಹೆಂಗಸು. ಬಸುರಾದ ತಕ್ಷಣ ಮಗುವಿಗೆ ಎದೆಹಾಲು ಬಿಡಿಸಿದ್ದರು. ಅಲ್ಲಿಂದ ಅನ್ನದ ಗಂಜಿಯ ತಿಳಿ ಒಂದೇ ಆಹಾರ. ಆದರೂ ಮಗು ಗುಂಡಗಿತ್ತು. ಕೆನ್ನೆ ಉಬ್ಬಿತ್ತು, ಕೈಕಾಲು ತುಂಬಿಕೊಂಡಿದ್ದವು. "ನಮ್ಮ ಪಾಪ ಪುಷ್ಟಿಯಾಗಿದೆ, ಯಾರದೋ ಕಣ್ಣು ಬಿದ್ದು ಮಂಕಾಗಿದೆ," ಎಂದಳು ಅಪ್ಪಲಮ್ಮ. ಪ್ರೊಫೆಸರ್‌ಗಾರು ಮಗುವಿನ ಪಾದದ ಮೇಲೆ ಹೆಬ್ಬೆರಳು ಒತ್ತಿ ತೆಗೆದರು. ನಾದಿದ ಹಿಟ್ಟಿನ ಮೇಲೆ ಒತ್ತಿದಂತೆ ಕುಳಿ ಹಾಗೇ ಉಳಿಯಿತು. ಅದು ಮೈಯಲ್ಲ, ನೀರು. ಕೂದಲು ಕೆಂಚಾಗಿ, ಎಳೆದರೆ ಕೈಗೆ ಬರುತ್ತಿತ್ತು. ತೊಡೆಯ ಚರ್ಮ ಹಳೆಯ ಬಣ್ಣದಂತೆ ಸುಲಿಯುತ್ತಿತ್ತು. ಪುಸ್ತಕದಲ್ಲಿ ಈ ಕಾಯಿಲೆಗೆ ಬಾಯಿ ತಿರುಗದಂಥ ಹೆಸರಿದೆ. ನಾವು ಊತದ ಮಗು ಎನ್ನುತ್ತಿದ್ದೆವು.

ಹೊಸಬರಿಗೆ ಇಲ್ಲೊಂದು ಮಾತು ಹೇಳಬೇಕು. ಊತದ ಮಗುವಿಗೆ ಸರಿಯಾದ ಆಹಾರ ಬಿದ್ದರೆ ಮೊದಲು ಆಗುವುದು ತೂಕ ಏರುವುದಲ್ಲ, ಇಳಿಯುವುದು. ಮೈಯಲ್ಲಿ ನಿಂತಿದ್ದ ನೀರು ಹೊರಟುಹೋಗುತ್ತದೆ. ಅದುವರೆಗೆ ಮುಚ್ಚಿಕೊಂಡಿದ್ದ ಮೂಳೆಗಳೆಲ್ಲ ಹೊರಗೆ ಕಾಣುತ್ತವೆ. ವೈದ್ಯರಿಗೆ ಅದು ಸಂತೋಷದ ಸುದ್ದಿ. ನೂಕಾಲುವಿಗೂ ಸ್ವಲ್ಪ ಸ್ವಲ್ಪವಾಗಿ, ಹಗಲೂ ರಾತ್ರಿ, ಹಾಲಿಗೆ ಸಕ್ಕರೆ ಎಣ್ಣೆ ಸೇರಿಸಿ ಕುಡಿಸುತ್ತ ಬಂದೆವು. ವಾರ ಕಳೆಯುವುದರೊಳಗೆ ಊತ ಇಳಿಯತೊಡಗಿತು.

ತಕ್ಕಡಿ ವಾರ್ಡಿನ ನಡುವೆ ಇತ್ತು. ಬೆಳಿಗ್ಗೆ ಎಲ್ಲ ತಾಯಂದಿರೂ ಸುತ್ತ ನಿಲ್ಲುತ್ತಿದ್ದರು. ನೂಕಾಲುವನ್ನು ಮಲಗಿಸಿದಾಗ ಮುಳ್ಳು ಹಿಂದಿನ ದಿನಕ್ಕಿಂತ ಕೆಳಗೆ ನಿಂತಿತು. ನರ್ಸು, "ಗುಡ್, ಗುಡ್, ಇನ್ನೂ ಇಳಿದಿದೆ!" ಎಂದಳು. ಪ್ರೊಫೆಸರ್‌ಗಾರು, ನಗುವುದೇ ಗೊತ್ತಿಲ್ಲದ ಮನುಷ್ಯ, ಅವತ್ತು ನಕ್ಕು, "ಇಳೀಲಿ, ಇನ್ನೂ ಇಳೀಲಿ," ಎಂದು ನನ್ನ ಕಡೆ ತಲೆಯಾಡಿಸಿದರು. ನಾನೂ ತಲೆಯಾಡಿಸಿದೆ. ನಮ್ಮಲ್ಲಿ ಯಾರೂ ತಾಯಿಯ ಮುಖ ನೋಡಲಿಲ್ಲ. ಆ ವಾರ್ಡಿನಲ್ಲಿ ಅದು ದಿನವೂ ನಡೆಯುತ್ತಿದ್ದದ್ದು. ಮಗು ಕರಗುತ್ತಿರುವುದನ್ನು ಕಂಡು ಆಸ್ಪತ್ರೆಯವರೆಲ್ಲ ಸೇರಿ ಸಂಭ್ರಮಪಡುತ್ತಿದ್ದಾರೆ ಎಂದು ತಾಯಿಗೆ ಅನ್ನಿಸಬಹುದು ಎಂದು ಅಷ್ಟು ಓದಿದವರಲ್ಲಿ ಒಬ್ಬರಿಗೂ ಹೊಳೆದಿರಲಿಲ್ಲ.

ಮಾರನೆಯ ದಿನ ಮಂಚ ಖಾಲಿ ಇತ್ತು. ಆಯಾ ವರಾಲಮ್ಮ ನೀರು ಹಿಡಿಯಲು ಹೋದ ಹೊತ್ತಿನಲ್ಲಿ ಅತ್ತೆ ಸೊಸೆ ಮಗುವನ್ನು ಸೆರಗಿನಲ್ಲಿ ಸುತ್ತಿಕೊಂಡು ಹಿಂದಿನ ಬಾಗಿಲಿನಿಂದ ಹೋಗಿದ್ದರು.

ಪ್ರೊಫೆಸರ್‌ಗಾರು, "ಹೋಗುವವರು ಹೋಗುತ್ತಾರೆ. ಗೇಟಿನಾಚೆಗೆ ನಮ್ಮ ವಾರ್ಡಿಲ್ಲ," ಎಂದರು. ನಾನು ಕೇಳಿದೆ, "ಈಗ ನಿಲ್ಲಿಸಿದರೆ ಏನಾಗುತ್ತದೆ ಸಾರ್?" ಅವರು ಏಲಕ್ಕಿಯನ್ನು ಒಂದು ದವಡೆಯಿಂದ ಇನ್ನೊಂದಕ್ಕೆ ದಾಟಿಸಿದರು. "ನಿನಗೆ ಗೊತ್ತಿದೆ," ಎಂದರು.

ಗೊತ್ತಿತ್ತು. ಅದಕ್ಕೇ ಕೂರಲಾಗಲಿಲ್ಲ. ಸಂಜೆ ಕೆಲಸ ಮುಗಿಸಿ ವರಾಲಮ್ಮನನ್ನು ಕರೆದುಕೊಂಡು ಮೀನುಗಾರರ ಕೇರಿಗೆ ಹೋದೆ. ಅವಳು ದಾರಿಯುದ್ದಕ್ಕೂ ಗೊಣಗಿದಳು. ಗುಡಿಸಲ ಬಾಗಿಲಿಗೆ ಅಡ್ಡವಾಗಿ ಅಪ್ಪಲಮ್ಮ ಕೂತಿದ್ದಳು. ಒಳಗೆ ಪೈಡಮ್ಮನ ಮಡಿಲಲ್ಲಿ ಮಗು. ಒಂದೇ ದಿನದಲ್ಲಿ ಮುಖ ಮುದುಕಿಯ ಮುಖವಾಗಿತ್ತು.

"ಯಾಕೆ ಬಂದಿರಿ? ಇನ್ನೂ ಇಳಿಸಬೇಕಾ?" ಎಂದಳು ಅಪ್ಪಲಮ್ಮ.

ನಾನು ಬಾಗಿಲಲ್ಲೇ ನಿಂತೆ. ಅವಳು ಸುಮ್ಮನಾಗಲಿಲ್ಲ. "ಇವಳಿಗೆ ಮುಂಚೆ ಒಂದು ಗಂಡು. ಅದೂ ಹೀಗೇ ಗುಂಡಗಿತ್ತು. ನಿಮ್ಮಂಥ ಆಸ್ಪತ್ರೆಗೇ ಹಾಕಿದ್ವಿ. ಇಳೀತು, ಇಳೀತು, ಹೋಗೇಬಿಟ್ಟಿತು. ನನ್ನ ಕಣ್ಣಾರೆ ಕಂಡಿದ್ದೀನಿ. ಇನ್ನೊಂದನ್ನ ಕೊಡೋದಿಲ್ಲ."

ಆ ಮುದುಕಿಯ ಲೆಕ್ಕದಲ್ಲಿ ತಪ್ಪೇನಿತ್ತು? ನೋಡಿದ್ದನ್ನು ನಂಬಿದ್ದಳು. ನಾನು ಅಲ್ಲೇ ನೆಲದ ಮೇಲೆ ಕೂತೆ. ಗೊತ್ತಿದ್ದಷ್ಟು ತೆಲುಗಿನಲ್ಲಿ ಹೇಳಿದೆ: ಇದು ಮೈಯಲ್ಲ, ನೀರು. ನೀರು ಹೋಗಲೇಬೇಕು. ಹೋದ ಮೇಲೆ ಮಗು ಇದಕ್ಕಿಂತಲೂ ಬಡವಾಗಿ ಕಾಣುತ್ತದೆ, ನೋಡಲಾಗುವುದಿಲ್ಲ. ಆಮೇಲೆ ತುಂಬಿಕೊಳ್ಳುತ್ತದೆ. ಉಳಿಯುತ್ತದೆಂದು ಮಾತು ಕೊಡಲಾರೆ. ಗಂಜಿಯ ತಿಳಿಯೊಂದೇ ಕೊಟ್ಟರೆ ಮಾತ್ರ ಖಂಡಿತ ಉಳಿಯುವುದಿಲ್ಲ.

"ಆಸ್ಪತ್ರೆಗೆ ಬರೋದಿಲ್ಲ," ಎಂದಳು ಅಪ್ಪಲಮ್ಮ.

"ಬರಬೇಡಿ. ನಾನೇ ತರ್ತೀನಿ. ನಾನು ಮಗುವನ್ನ ಮುಟ್ಟೋದಿಲ್ಲ. ನೀವೇ ನಿಮ್ಮ ಕೈಯಾರೆ ತಿನ್ನಿಸಿ."

ಆಗ ಅವಳು ಬಾಗಿಲಿನಿಂದ ಸ್ವಲ್ಪ ಸರಿದಳು. ಒಳಗಿಂದ ಪೈಡಮ್ಮ ಮೊದಲ ಬಾರಿಗೆ ಬಾಯಿ ಬಿಟ್ಟು, "ನಾಳೆ ಬೇಗ ಬನ್ನಿ ಅಮ್ಮಗಾರೂ," ಎಂದಳು.

ಅಂದಿನಿಂದ ಬೆಳಿಗ್ಗೆ ಕೆಲಸಕ್ಕೆ ಹೋಗುವಾಗ ಒಮ್ಮೆ, ಸಂಜೆ ಬರುವಾಗ ಒಮ್ಮೆ ಅವರ ಗುಡಿಸಲಿಗೆ ಹೋದೆ. ನೀರು ಕುದಿಸುವುದು, ಹಿಟ್ಟು ಬೇಯಿಸುವುದು, ಎಣ್ಣೆ ಹಾಕುವುದು ಎಲ್ಲ ತೋರಿಸಿದೆ. ಮುದುಕಿ ತಿನ್ನಿಸಿದಳು. ಕುರ್ಚಿ ಇಲ್ಲದ ಮನೆ, ಮೂಲೆಯಲ್ಲಿ ಬಲೆಯ ರಾಶಿ, ಅದರ ಪಕ್ಕ ನನ್ನ ಜಾಗ. ಮಗು ನನ್ನನ್ನು ಕಂಡರೆ ಮುಖ ತಿರುಗಿಸುತ್ತಿತ್ತು. ಪ್ರೊಫೆಸರ್‌ಗಾರಿಗೆ ಸುದ್ದಿ ಮುಟ್ಟಿತು. ಬೈಯುತ್ತಾರೆಂದುಕೊಂಡಿದ್ದೆ. "ತೂಕ ನೋಡಬೇಡ, ಮುಖ ನೋಡು. ಈ ಕಾಯಿಲೆಯ ಮಗು ನಕ್ಕರೆ ಉಳಿಯಿತು ಅಂತ ಅರ್ಥ," ಎಂದಷ್ಟೇ ಹೇಳಿ ಮುಂದಿನ ಮಂಚಕ್ಕೆ ಹೋದರು. ಅಲ್ಲಿಂದ ನಾನು ಆ ನಗುವಿಗೆ ಕಾಯತೊಡಗಿದೆ.

ಅದೇ ಸಮಯಕ್ಕೆ ನಮ್ಮವರ ಹಡಗು ಬಂದರಿಗೆ ಬಂತು. ಕೆಲವೇ ದಿನದ ಬಿಡುವು. ನಾನು ಬೆಳಿಗ್ಗೆ ಬೇಗ ಹೊರಡುವುದು, ಸಂಜೆ ಕತ್ತಲಾದ ಮೇಲೆ ಸೀರೆಗೆ ಮೀನಿನ ವಾಸನೆ ಹತ್ತಿಸಿಕೊಂಡು ಬರುವುದು ನೋಡಿ ಅವರಿಗೆ ರೇಗಿತು.

"ತಿಂಗಳುಗಟ್ಲೆ ನೀರಿನ ಮೇಲಿದ್ದು ಬಂದಿದೀನಿ ಕಣೇ. ಮನೇಲಿ ನೋಡಿದ್ರೆ ಬೀಗ. ಆ ಮಗೂಗೆ ಅದರವ್ವ ಇಲ್ವಾ?"

"ಇದಾಳೆ ರೀ. ಇನ್ನು ನಾಲ್ಕು ದಿನ ನೋಡ್ಬೇಕು, ಅಷ್ಟೆ."

"ನಾಲ್ಕು ದಿನಕ್ಕೆ ನಾನೇ ಇರಲ್ವಲ್ಲೇ," ಎಂದರು.

ಅವರ ಮಾತಿನಲ್ಲಿ ಸಿಟ್ಟಿಗಿಂತ ಬೇಸರ ಹೆಚ್ಚಿತ್ತು. ಹಡಗು ಹೊರಡುವ ದಿನ ನಾನು ರಜೆ ಹಾಕಿ ಮನೆಯಲ್ಲೇ ಉಳಿದೆ. ಮುದ್ದೆ, ಹುರುಳಿಕಾಳಿನ ಸಾರು ಮಾಡಿದೆ. ಅವರು ಚೀಲ ಹೆಗಲಿಗೆ ಹಾಕಿಕೊಂಡು ಹೋದ ಮೇಲೆ ತಟ್ಟೆ ತೊಳೆಯುತ್ತ ಬಹಳ ಅತ್ತೆ.

ಮಾರನೆಯ ಬೆಳಿಗ್ಗೆ ಕೇರಿಗೆ ಹೋದಾಗ ಅಪ್ಪಲಮ್ಮ ದೂರದಿಂದಲೇ ಕೂಗಿದಳು. "ನಿನ್ನೆ ಬರಲಿಲ್ಲ ನೀವು! ಪಾಪ ನಕ್ಕಳು! ಕೋಳಿ ಚೊಂಬಿನ ಮೇಲೆ ಹತ್ತಿ ಜಾರಿಬಿತ್ತು, ಕೇಳಿಸೋ ಹಾಗೆ ನಕ್ಕಳು!" ಹಲ್ಲಿಲ್ಲದ ಬಾಯಿ ತೆರೆದು ಮಗು ಹೇಗೆ ನಕ್ಕಿತೆಂದು ತೋರಿಸಿದಳು. ಪೈಡಮ್ಮ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. ನನಗೆ ಮೈಯೆಲ್ಲ ಹಗುರಾಯಿತು. ಜೊತೆಗೆ, ನಾಚಿಕೆಬಿಟ್ಟು ಹೇಳುತ್ತೇನೆ, ಸಂಕಟವೂ ಆಯಿತು. ಅಷ್ಟು ದಿನ ಕಾದಿದ್ದೆನಲ್ಲ. ನನ್ನ ಮುಂದೆ ಮಗು ಅವತ್ತೂ ಮುಖ ತಿರುಗಿಸಿತು. ಕೆಲವು ವಾರದಲ್ಲಿ ಕೆನ್ನೆ ತುಂಬಿತು, ಈ ಸಲ ನಿಜವಾಗಿ. ನಾನು ಹೋಗುವುದನ್ನು ನಿಲ್ಲಿಸಿದೆ. ಯಾರೂ ಬನ್ನಿ ಎನ್ನಲಿಲ್ಲ, ಎನ್ನಬೇಕಾದ ಅಗತ್ಯವೂ ಇರಲಿಲ್ಲ.

ವಾರ್ಡಿನಲ್ಲಿ ಅಂದಿನಿಂದ ಒಂದು ಪದ್ಧತಿ ಬದಲಾಯಿತು. ಊತದ ಮಗುವನ್ನು ಸೇರಿಸಿಕೊಳ್ಳುವಾಗಲೇ ತಾಯಿಯನ್ನೂ ಅಜ್ಜಿಯನ್ನೂ ಕೂರಿಸಿಕೊಂಡು ಹೇಳುವುದು: ಮೊದಲು ಬಡವಾಗುತ್ತದೆ, ಹೆದರಬೇಡಿ, ಓಡಿಹೋಗಬೇಡಿ. ಪ್ರೊಫೆಸರ್‌ಗಾರೇ ರೌಂಡ್ಸಿನಲ್ಲಿ ಇದನ್ನು ಹೇಳತೊಡಗಿದರು, ತಾವು ಹುಟ್ಟಿದಾಗಿನಿಂದ ಹೇಳುತ್ತ ಬಂದವರಂತೆ. ಹಿಂದಿನ ಬಾಗಿಲಿನಿಂದ ಹೋಗುವವರು ಕಡಿಮೆಯಾದರು.

ತೊಂಬತ್ತರ ದಶಕದಲ್ಲಿ ನನ್ನನ್ನು ವಿಜಯವಾಡಕ್ಕೆ ಹಾಕಿದರು. ನಮ್ಮವರಿಗೆ ಅಷ್ಟರಲ್ಲಿ ಪಶ್ಚಿಮ ಕರಾವಳಿಗೆ ವರ್ಗವಾಗಿತ್ತು. ಕೆಲಸ ಬಿಟ್ಟು ಹೋಗಬಹುದಿತ್ತು. ಹೋಗಲಿಲ್ಲ. ಒನ್ ಟೌನ್ ಎಂಬ ಹಳೆಯ ಪೇಟೆಯ ಮಹಡಿ ಮನೆಯೊಂದರಲ್ಲಿ ಒಬ್ಬಳೇ ಇದ್ದೆ. ಬೇಸಿಗೆಯಲ್ಲಿ ಆ ಊರಿನ ಗೋಡೆ ಮುಟ್ಟಿದರೂ ಕೈ ಸುಡುತ್ತದೆ. ಅಲ್ಲಿ ನನ್ನ ಪಾಲಿಗೆ ಬಂದದ್ದು ರಕ್ತಹೀನತೆಯ ಬಸುರಿಯರು. ಕಬ್ಬಿಣದ ಮಾತ್ರೆ ಕೊಟ್ಟು ಕಳಿಸಿದರೆ ಕಾಲುವೆಗೆ ಎಸೆಯುತ್ತಿದ್ದರು. ಮಾತ್ರೆ ತಿಂದರೆ ಮಲ ಕಪ್ಪಾಗುತ್ತದೆಂದು ಹೆದರಿಕೆ, ಮಗು ದಪ್ಪವಾಗಿ ಹೆರಿಗೆ ಕಷ್ಟವಾಗುತ್ತದೆಂದು ಇನ್ನೊಂದು ಹೆದರಿಕೆ. ಇಲ್ಲಿಯೂ ಅದನ್ನೇ ಮಾಡಿದೆ. ಮಾತ್ರೆಯ ಜೊತೆಗೆ ಕಪ್ಪಾಗುವ ಸುದ್ದಿಯನ್ನೂ ಮೊದಲೇ ಕೊಟ್ಟೆ. ಕೆಲವರು ನುಂಗಿದರು. ಎಲ್ಲರೂ ನುಂಗಿದರು ಎಂದು ಬರೆದರೆ ನೀವು ನಂಬಬೇಡಿ.

ಬರಬರುತ್ತ ಊತದ ಮಕ್ಕಳು ಅಪರೂಪವಾದರು. ತರಬೇತಿಗೆ ಬರುವ ಹುಡುಗಿಯರಿಗೆ ಫೋಟೋ ತೋರಿಸಿ ಪಾಠ ಮಾಡುವ ಕಾಲ ಬಂತು. ಆ ಹುಡುಗಿಯರಲ್ಲಿ ಒಬ್ಬಳು, "ಮೇಡಂ, ನೀವು ಉಳಿಸಿದ ಮಕ್ಕಳು ನಿಮ್ಮನ್ನ ನೋಡೋಕೆ ಬರ್ತಾರಾ?" ಎಂದು ಕೇಳಿದಳು. ಬರುವುದಿಲ್ಲ. ಹೆರಿಗೆ ಮಾಡಿಸಿದ ಡಾಕ್ಟರಿಗೆ ಸಿಹಿ ಕೊಡಲು ಬರುತ್ತಾರೆ. ಅಕ್ಷರ ಕಲಿಸಿದ ಮೇಷ್ಟರಿಗೆ ಬೀದಿಯಲ್ಲಿ ನಮಸ್ಕಾರ ಮಾಡುತ್ತಾರೆ. ತನ್ನ ಮಗು ಹೊಟ್ಟೆಗಿಲ್ಲದೆ ಮಲಗಿತ್ತು ಎಂಬುದನ್ನು ಯಾವ ತಾಯಿ ನೆನೆಯಲು ಬಯಸುತ್ತಾಳೆ? ನಮ್ಮಲ್ಲಿಗೆ ತಿರುಗಿ ಬಂದ ಮಗು ಎಂದರೆ ಮತ್ತೆ ಸೊರಗಿದ ಮಗು. ಹಾಗಾಗಿ ಯಾರೂ ಬಾರದಿರಲಿ ಎಂದು ಹಾರೈಸುವುದೇ ಈ ಕೆಲಸದ ಪದ್ಧತಿ. ಹಾರೈಸಿದೆ. ಆದರೂ ಕೆಲವು ಸಂಜೆ ಒಬ್ಬರಾದರೂ ಬಂದು ಬಾಗಿಲು ತಟ್ಟಲಿ ಎನ್ನಿಸುತ್ತಿತ್ತು. ಇದನ್ನೂ ನೀವು ತಿಳಿದಿರಬೇಕು.

ನಿವೃತ್ತಿಗೆ ಬಹಳ ಮುಂಚೆ, ತೊಂಬತ್ತರ ದಶಕ ಮುಗಿಯುತ್ತ ಬಂದಾಗ, ಒಂದು ತರಬೇತಿಗೆಂದು ವಿಶಾಖಪಟ್ಟಣಕ್ಕೆ ಹೋದೆ. ಉಳಿದುಕೊಂಡದ್ದು ಎಂವಿಪಿ ಕಾಲೋನಿಯಲ್ಲಿ. ಮಧ್ಯಾಹ್ನದ ಬಿಡುವಿನಲ್ಲಿ ಊಟಕ್ಕೆ ಹೋಗುವ ಬದಲು ಆಟೋ ಹತ್ತಿ ಮೀನುಗಾರರ ಕೇರಿಗೆ ಹೋದೆ. ಗುಡಿಸಲುಗಳ ಜಾಗದಲ್ಲಿ ಸಿಮೆಂಟಿನ ಮನೆಗಳು ಬಂದಿದ್ದವು. ಯಾವ ಓಣಿ ಎಂದು ತಿಳಿಯದೆ ನಿಂತಿದ್ದಾಗ ಎದುರಿನ ಜಗುಲಿಯಲ್ಲಿ ಪೈಡಮ್ಮ ಕಂಡಳು. ಮುಖ ಸ್ವಲ್ಪ ಅಗಲವಾಗಿತ್ತು, ಅಷ್ಟೇ. ಅವಳ ಸುತ್ತ ಹೊಸ ಸೀರೆ ಉಟ್ಟ ಹೆಂಗಸರು, ತಟ್ಟೆಯಲ್ಲಿ ಹೂವು, ಕುಂಕುಮ. ನಡುವೆ ಒಬ್ಬಳು ಹದಿಹರೆಯದ ಹುಡುಗಿ, ದಪ್ಪ ಕಪ್ಪು ಜಡೆ, ಗಟ್ಟಿಮುಟ್ಟಾದ ಮೈ. ಹೆಣ್ಣು ನೋಡಲು ಬಂದಿದ್ದರು.

ಪೈಡಮ್ಮ ನನ್ನನ್ನು ನೋಡಿದಳು. ಗುರುತು ಹಿಡಿದಳು, ಅದರಲ್ಲಿ ಅನುಮಾನವಿಲ್ಲ. ಅವಳ ಕಣ್ಣು ಒಮ್ಮೆ ಗಂಡಿನ ಕಡೆಯವರತ್ತ ಹೊರಳಿ ಮತ್ತೆ ನನ್ನಲ್ಲಿಗೆ ಬಂತು. ಎದೆಯ ಹತ್ತಿರ ಕೈ ಹಿಡಿದು ಬೇಡಿಕೊಂಡಂತೆ ಸ್ವಲ್ಪವೇ ಅಲ್ಲಾಡಿಸಿದಳು. ಆಮೇಲೆ ಎಲ್ಲರಿಗೂ ಕೇಳುವಂತೆ, "ಯಾರು ಬೇಕಮ್ಮಾ?" ಎಂದಳು.

ಆಸ್ಪತ್ರೆಯಲ್ಲಿ ಮಲಗಿದ್ದ ಮಗು ಎಂದು ತಿಳಿದರೆ ಸಂಬಂಧ ಮುರಿಯುತ್ತದೆ. ನನಗೆ ಅರ್ಥವಾಯಿತು.

"ಯಾರೂ ಇಲ್ಲಮ್ಮಾ. ದಾರಿ ತಪ್ಪಿತು. ಆಟೋ ಸಿಗೋ ಕಡೆ ಹೋಗಬೇಕು," ಎಂದೆ.

"ನೂಕಾಲೂ, ತಿರುವಿನ ತನಕ ಹೋಗಿ ದಾರಿ ತೋರಿಸಿ ಬಾ," ಎಂದಳು ಪೈಡಮ್ಮ. ಬಂದವರ ಮುಂದೆ ಕೂತ ಹೆಣ್ಣನ್ನು ಹಾಗೆ ಎಬ್ಬಿಸಿ ಕಳಿಸುವುದು ಎಲ್ಲೂ ಇಲ್ಲ. ಹೆಂಗಸರು ಮುಖ ಮುಖ ನೋಡಿಕೊಂಡರು. ಪೈಡಮ್ಮ ನನ್ನತ್ತ ನೋಡದೆ ಕುಂಕುಮದ ತಟ್ಟೆ ಸರಿಪಡಿಸುತ್ತಿದ್ದಳು.

ಹುಡುಗಿ ಹೊಸ ಸೀರೆಯ ನೆರಿಗೆ ಎತ್ತಿ ಹಿಡಿದು ನನ್ನ ಮುಂದೆ ಬಿರಬಿರನೆ ನಡೆದಳು. ನಾನು ಹಿಂದೆ ಏದುಸಿರು ಬಿಡುತ್ತ ಹೋದೆ. ತಿರುವಿನಲ್ಲಿ ಆಟೋ ನಿಲ್ಲಿಸಿ, ಡ್ರೈವರಿಗೆ ನಿಧಾನವಾಗಿ ಕರೆದುಕೊಂಡು ಹೋಗೆಂದು ಹೇಳಿದಳು. ನಾನು ಹತ್ತಿ ಕೂತ ಮೇಲೆ ಬಗ್ಗಿ, ಆ ಊರಿನಲ್ಲಿ ಯಾರು ಯಾರಿಗೆ ಬೇಕಾದರೂ ಕೇಳುವ ಮಾತನ್ನೇ ಕೇಳಿದಳು.

"ಅನ್ನಂ ತಿನ್ನಾರಾ ಅಮ್ಮಗಾರೂ?"

ತಿಂದಿರಲಿಲ್ಲ. ಬಹಳ ವರ್ಷಗಳಿಂದ ನನ್ನನ್ನು ಯಾರೂ ಹಾಗೆ ಕೇಳಿಯೂ ಇರಲಿಲ್ಲ.

"ತಿಂದೆ ತಾಯಿ. ಹೊಟ್ಟೆ ತುಂಬ ತಿಂದೆ," ಎಂದೆ.